ಹೊಸ ಅಳಿಯನ ಉಪಚಾರ

ತೂಗಿ ನೋಡಿದರೆ ಕಿರವತ್ತಿಯ ಕೆರಿಯಪ್ಪ ಐವತ್ತು ಕೆ.ಜಿ., ಅದರಲ್ಲಿ ಅರ್ಧ ಮೀಸೆ. ಶಿರಸಿಯ ನನ್ನ ಅಂಗಡಿಯಲ್ಲಿ ಮರ ಕೊಯ್ಯುವ ಹೊಸ ಚೈನ್‌ಸಾ ಮಿಷನ್ ಯಾರೇ ಕೊಳ್ಳಲಿ, ಪಳಗಿಸಿ ಕೊಡುವವನು ಅವನೇ. ಪೆಟ್ರೋಲಿಗೆ ಎಣ್ಣೆ ಚೂರು ಹೆಚ್ಚೇ ಬೆರೆಸುತ್ತಾನೆ, ಮೆತ್ತನೆಯ ಮರವನ್ನಷ್ಟೇ ಮುಟ್ಟಿಸುತ್ತಾನೆ, ಹೊಸ ಚೈನು ಸಡಿಲಾದಾಗೆಲ್ಲ ನಿಲ್ಲಿಸಿ, ತಣಿಯಲು ಬಿಟ್ಟು, ಮತ್ತೆ ಬಿಗಿಯುತ್ತಾನೆ. ಹಲಗೆಗೆ ಅವಸರ ಮಾಡುವ ಗಿರಾಕಿಗೆ ಒಂದೇ ಮಾತು: "ಹೊಸಾ ಅಳಿಯನ ಕೈಲಿ ಬಂದ ದಿನಾನೇ ಕಟಗಿ ಒಡಸ್ತೀರೇನ್ರಿ?" ಎಲ್ಲರೂ ನಗುತ್ತಾರೆ. "ನಿನ್ನ ಮಾವ ಒಡೆಸ್ಲಿಲ್ವನೋ?" ಎಂದು ನಾನೊಮ್ಮೆ ಕೆಣಕಿದೆ. "ಮಾವ ಹೊಸಾ ಮಿಷನ್ ಕೊಟ್ಟು ಕಲ್ಲಿನಂಥಾ ಮತ್ತಿ ಮರದ ದಿಮ್ಮಿನೇ ಕೊಯ್ಸಿದ್ರಲ್ರಿ ಸಾವ್ಕಾರ್ರ, ಚೈನು ಹಾರಿತು," ಎಂದು ಎರಡು ಬೆರಳಿಲ್ಲದ ಎಡಗೈ ತೋರಿಸಿ, ಮತ್ತೆ ಚೈನು ಬಿಗಿಯತೊಡಗಿದ. ನನ್ನ ಗಿರಾಕಿಗಳ ಬೆರಳುಗಳೆಲ್ಲ ಇನ್ನೂ ಇವೆ. ಅದಕ್ಕೆ ನಾನು ಕೆರಿಯಪ್ಪನ ಋಣಿ.