ಸೆರಗು ನೋಡಿ ಆರಿಸಿದ ಕಾಲೇಜು

ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಳಕಲ್ಲಿನ ನಮ್ಮ ಸಾಲೆಗೇ ಮೊದಲಿಗಳಾಗಿ ಪಾಸಾದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನೇಕಾರರ ಓಣಿಯ ಹುಡುಗಿ ಡಾಕ್ಟರಾಗುತ್ತಾಳಂತೆ ಎಂದು ಮಂದಿ ಮಗ್ಗ ನಿಲ್ಲಿಸಿ ಮಾತಾಡಿದರು. ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ಒಂದು ಸಂಜೆ ಮನೆಗೆ ಬಂದು ಎರಡು ಮಿಸಲೇನಿ ಕೊಟ್ಟರು. ಕಾಲೇಜಿನವರು ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಪುಸ್ತಕಕ್ಕೆ ಆಗ ಹಾಗೆನ್ನುತ್ತಿದ್ದರು. ಒಂದು ಧಾರವಾಡದ ಹೆಸರಾಂತ ಕಾಲೇಜಿನದು, ಇನ್ನೊಂದು ಬಾಗಲಕೋಟೆಯದು.

"ಧಾರವಾಡಕ್ಕ ಹೋಗವಾ. ಅಲ್ಲಿ ಲ್ಯಾಬು ಛಲೋ ಅದಾವ. ಡಾಕ್ಟರ ಆಗೂದಿದ್ರ ಅದ ದಾರಿ," ಅಂದರು. ಸೀಟು ಖಾತ್ರಿಯಿತ್ತು. ಹಾಸ್ಟೆಲಿಗೂ ಅವರೇ ಮಾತಾಡಿದ್ದರು.

ನಾನು ಲ್ಯಾಬಿನ ಪುಟ ತೆರೆಯಲೇ ಇಲ್ಲ, ಹುಡುಗಿಯರ ಫೋಟೋ ನೋಡಿದೆ. ಧಾರವಾಡದವರು ಬಾಬ್ ಕಟ್ಟಿನವರು, ಬೆಲ್‌ಬಾಟಮ್ಮಿನವರು, ಪಿಕ್ನಿಕ್ಕಿನಲ್ಲಿ ಹುಡುಗರ ಪಕ್ಕದಲ್ಲೇ ನಿಂತು ಬಾಯ್ತುಂಬ ನಗುವವರು. ಒಬ್ಬೊಬ್ಬಳೂ ಕ್ಯಾಲೆಂಡರಿನಿಂದ ಇಳಿದು ಬಂದ ಹಾಗಿದ್ದಳು. ನಾನೋ ಕಪ್ಪು, ಗಿಡ್ಡ, ಮುಂದಿನ ಎರಡು ಹಲ್ಲು ತುಟಿಯ ಮಾತು ಕೇಳುತ್ತಿರಲಿಲ್ಲ. ಇಂಥವರಲ್ಲಿ ನನ್ನ ಪಕ್ಕ ಕೂತು ಬುತ್ತಿ ಬಿಚ್ಚುವವರು ಯಾರು? ಓದಿನ ಹೆದರಿಕೆ ನನಗೆ ಎಂದೂ ಇರಲಿಲ್ಲ. ಒಬ್ಬಳೇ ಉಣ್ಣುವ ಹೆದರಿಕೆ ಇತ್ತು.

ಬಾಗಲಕೋಟೆಯ ಪುಸ್ತಕದ ನಡುವಿನ ಪುಟದಲ್ಲಿ ಎಂಟು ಹುಡುಗಿಯರು ಸಾಲಾಗಿ ನಿಂತಿದ್ದರು. ಎಂಟೂ ಮಂದಿ ಇಳಕಲ್ ಸೀರೆ ಉಟ್ಟಿದ್ದರು. ಕಪ್ಪುಬಿಳುಪು ಫೋಟೋ ಆದರೇನು, ಸೆರಗಿನಲ್ಲಿ ನೇಯ್ದ ಬಿಳಿ ತೆನೆಗಳು ನೇಕಾರನ ಮಗಳಿಗೆ ಗುರುತು ಸಿಗದೆ ಇರುತ್ತವೆಯೇ? ನಾನು ಮುಖ ನೋಡಲಿಲ್ಲ, ಸೆರಗು ನೋಡಿದೆ. ಇವರು ನಮ್ಮಂಥವರೇ, ನನ್ನನ್ನು ಕೂಡಿಸಿಕೊಳ್ಳುತ್ತಾರೆ ಅನ್ನಿಸಿತು. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಅದನ್ನು ಓದುವ ಗೋಜಿಗೇ ಹೋಗಲಿಲ್ಲ.

ಅಪ್ಪನಿಗೆ ಹೇಳಿದ್ದು ಬೇರೆ. "ಬಾಗಲಕೋಟಿ ಸಮೀಪ ಐತಿ ಅಪ್ಪಾ. ಹುನಗುಂದದ ಮ್ಯಾಲಿಂದ ಬಸ್ಸು ಸೀದಾ ಹೋಗ್ತೈತಿ."

ಅಪ್ಪ ನಂಬಿದ. ಅಕ್ಕೋರು ನಂಬಲಿಲ್ಲ. "ಖರೆ ಹೇಳ, ಯಾಕ?" ಅಂದರು. ನಾನು ಅವರೆದುರೇ ಬಾಗಲಕೋಟೆಯ ಅರ್ಜಿ ತುಂಬಿದೆ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ. ಕಲ್ಲುಗಣಿಗಳ ನಮ್ಮೂರಿನಲ್ಲಿ ಚಪ್ಪಡಿಗೇನು ಬರವೇ!

ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನನಗೆಂದೇ ಒಂದು ಸೀರೆ ನೇಯ್ದ. ಸೆರಗಿನ ತುದಿಗೆ ಓಣಿಯಲ್ಲಿ ಯಾರೂ ಹಾಕದ ಒಂದು ಸಾಲು ಸಣ್ಣ ತೆನೆ ಹೆಚ್ಚಿಗೆ ಹಾಕಿದ. "ಸಾವಿರ ಮಂದ್ಯಾಗ ನಿಂತ್ರೂ ನನ್ನ ಮಗಳು ಗುರ್ತ ಸಿಗಬೇಕು," ಅಂದ.

ಮೊದಲ ದಿನ ಅದನ್ನೇ ಉಟ್ಟುಕೊಂಡು ಹೋದೆ. ಕ್ಲಾಸಿನ ತುಂಬ ನೈಲಾನು, ವಾಯಿಲ್ಲು ಸೀರೆ. ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು: "ಯವ್ವಾ, ಗ್ಯಾದರಿಂಗ್ ಜನೆವರಿಗೆ ಐತಿ. ನೀ ಈಗ ಉಟಗೊಂಡ ಬಂದೀಯಲ್ಲ!"

ಇಡೀ ಕ್ಲಾಸು ನಕ್ಕಿತು. ಆಗ ತಿಳಿಯಿತು. ಆ ಎಂಟು ಹುಡುಗಿಯರು ಗ್ಯಾದರಿಂಗಿನ, ಅಂದರೆ ಕಾಲೇಜಿನ ವಾರ್ಷಿಕೋತ್ಸವದ, ಒಂದು ಸಂಜೆಯ ಕೋಲಾಟಕ್ಕೆಂದು ತಂತಮ್ಮ ಅಜ್ಜಿಯರ ಸೀರೆ ತಂದು ಉಟ್ಟಿದ್ದರು. ಅಂದಿನಿಂದ ನನ್ನ ಹೆಸರೂ ಅಜ್ಜಿ ಎಂದೇ ಆಯಿತು. ಬಾದಾಮಿಗೆ ಟ್ರಿಪ್ಪು ಹೋದಾಗ ಗುಡಿಯ ಹೊರಗೆ ಎಲ್ಲರ ಚಪ್ಪಲಿ ಕಾಯ್ದವಳು ನಾನು. ಬುತ್ತಿಯನ್ನೂ ಅಲ್ಲಿಯೇ ಬಿಚ್ಚಿದೆ. ಧಾರವಾಡದ ಚೆಲುವೆಯರು ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದರು? ಲ್ಯಾಬಾದರೂ ಸಿಗುತ್ತಿತ್ತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಜನವರಿಯಲ್ಲಿ, ಕ್ಲಾಸಿಗೆಲ್ಲ ಚೆಲುವೆ ಅನ್ನಿಸಿಕೊಂಡವಳು ಹಾಸ್ಟೆಲಿನ ನನ್ನ ರೂಮಿಗೆ ಬಂದಳು. "ಅಜ್ಜಿ, ನಿನ್ನ ಸೀರಿ ಒಂದ ದಿನ ಕೊಡ." ಕೊಟ್ಟೆ. ಕೋಲಾಟಕ್ಕೆ ನನ್ನನ್ನೂ ಕರೆದಾರು ಎಂಬ ಆಸೆ. ಕರೆದರು, ಪರದೆಯ ಹಿಂದೆ ಪಿನ್ನು ಹಿಡಿದು ನಿಲ್ಲಲು.

ವರ್ಷದ ಕೊನೆಗೆ ಎರಡು ವಿಷಯದಲ್ಲಿ ಫೇಲಾದೆ. ಓದಲು ಕೂತರೆ ಪುಸ್ತಕದ ಮೇಲೆ ಕಣ್ಣು, ಕಿವಿ ಮಾತ್ರ ಪಕ್ಕದ ರೂಮಿನ ನಗೆಯ ಮೇಲೆ. ಫೇಲಾದದ್ದನ್ನು ಬಾಯಿಬಿಡದೆ ಊರಿಗೆ ಬಂದೆ. ಚೀಲದಲ್ಲಿ ಆ ವರ್ಷದ ಮಿಸಲೇನಿ ಇತ್ತು. ಅಪ್ಪ ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹಾಳೆ ತಿರುವಿದ. ನಡುವಿನ ಪುಟದಲ್ಲಿ ಅವನ ಬೆರಳು ನಿಂತಿತು.

"ಏ, ಬಾ ಇಲ್ಲಿ," ಎಂದು ಅವ್ವನನ್ನು ಕೂಗಿದ. "ನೋಡ, ನಟ್ಟನಡುವ ನಿಂತಾಳ ನಮ್ಮಾಕಿ!"

ಫೋಟೋದಲ್ಲಿ ಮುಖಗಳು ಕಡಲೆಕಾಳಿನಷ್ಟು. ಅವನು ಮುಖ ನೋಡಿರಲಿಲ್ಲ. ಸೆರಗಿನ ತುದಿಯ ಆ ಒಂದು ಸಾಲು ಹೆಚ್ಚಿನ ತೆನೆ ನೋಡಿದ್ದ. ಕತ್ತೆತ್ತಿ, "ಎಷ್ಟ ಛಂದ ಕಾಣಾಕತ್ತೀಯ ನನ ತಾಯಿ," ಅಂದ. ಆ ಮಾತನ್ನು ನನಗೆ ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.

"ಹೌದಪ್ಪಾ, ನಾನ," ಅಂದೆ.

ಫೇಲಾದ ಸುದ್ದಿ ವಾರದಲ್ಲೇ ಹೊರಬಿತ್ತು. ಅಪ್ಪ ಬೈಯಲಿಲ್ಲ. ಮತ್ತೆ ಕಳಿಸುವ ಮಾತನ್ನೂ ಆಡಲಿಲ್ಲ, ನಾನೂ ಕೇಳಲಿಲ್ಲ. ಆ ಪುಟವನ್ನು ಕತ್ತರಿಸಿ ಮಗ್ಗದ ಎದುರಿನ ಗೋಡೆಗೆ ಅಂಟಿಸಿದ. ನಾನು ಅದರ ಕೆಳಗೆ ಕೂತು ನೂಲು ಸುತ್ತತೊಡಗಿದೆ. "ಕಾಲೇಜಿಗೆ ಹೋದಾಗ ನನ್ನ ಮಗಳು," ಎಂದು ಬಂದವರಿಗೆಲ್ಲ ಅಪ್ಪ ತೋರಿಸುತ್ತಿದ್ದ. ಅವರು ಹತ್ತಿರ ಹೋಗಿ ಫೋಟೋ ನೋಡುತ್ತಿದ್ದರು, ತಿರುಗಿ ನನ್ನನ್ನು ನೋಡುತ್ತಿದ್ದರು, ಆಮೇಲೆ ಸೀರೆಯ ಮಾತು ತೆಗೆಯುತ್ತಿದ್ದರು.