ಮೇಪಲ್‌ಗೆ ಹುರುಳಿ ತಿನ್ನಿಸಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯವರಿಗೆಲ್ಲ ಚಳಿಯೆಂದರೆ ಆಗದ ಶತ್ರು. ಬನ್ನಿ ಮಕ್ಕಳೇ, ಹತ್ತಿರ ಕೂತುಕೊಳ್ಳಿ. ನಾಯಿಯನ್ನು ಎಬ್ಬಿಸಬೇಡಿ, ಅದು ಅಲ್ಲೇ ಮಲಗಿರಲಿ. ನಾನು ಹೇಳುತ್ತಿರುವುದು ಇಪ್ಪತ್ತರ ದಶಕದ ಮಾತು. ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಓಡಾಡಿದ ಕಾಲ ಆಗತಾನೇ ಮುಗಿದಿತ್ತು. ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನೈದು. ವರ್ಜೀನಿಯಾದ ಇದೇ ಆಲ್ಡಿ ಊರಿನಲ್ಲಿ ನಮ್ಮದು ಹೊಸ ಮನೆ, ಪೇಂಟಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅಪ್ಪ ಬೇಸ್‌ಮೆಂಟಿನಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದರು. ಅಮ್ಮ ಆ ವಾರ ಆಫೀಸಿನ ಕೆಲಸಕ್ಕೆಂದು ಅಟ್ಲಾಂಟಾಕ್ಕೆ ಹೋಗಿದ್ದಳು. ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಆರು ತಿಂಗಳು ನಮ್ಮ ಜೊತೆ ಇರಲು ಮೈಸೂರಿನಿಂದ ಬಂದಿದ್ದಳು.

ಅಜ್ಜಿ ಬಂದ ಮೇಲೆ ನಮ್ಮ ಮನೆಯಲ್ಲಿ ಗಾಳಿಗೆ ಪ್ರವೇಶವೇ ಇರಲಿಲ್ಲ. ಹೀಟರ್ ಧಗಧಗ ಅನ್ನುತ್ತಿದ್ದರೂ ಬಾಗಿಲ ಅಡಿಯ ಸಂದಿಗೆ ಹಳೇ ಟವೆಲ್ ಸುತ್ತಿ ತುರುಕುತ್ತಿದ್ದಳು. ನಮ್ಮ ಕಿವಿಗೆ ಹತ್ತಿ, ತಲೆಗೆ ಮಂಕಿ ಕ್ಯಾಪ್, ಎದೆಗೆ ನೀಲಗಿರಿ ಎಣ್ಣೆ. ಸ್ಕೂಲ್ ಬಸ್ಸಿನಲ್ಲಿ ನನ್ನ ಪಕ್ಕ ಕೂತವರೆಲ್ಲ ಮೂಗು ಅರಳಿಸಿ ನೋಡುತ್ತಿದ್ದರು. "ಗಾಳಿ ಒಳಗೆ ಹೊಕ್ರೆ ಮುಗೀತು, ನೋಡ್ತಾ ಇರು" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ನಾನದನ್ನು ಅಕ್ಷರಶಃ ನಂಬಿದ್ದೆ.

ನಮ್ಮ ಹಿತ್ತಲಿನ ಬೇಲಿ ದಾಟಿದರೆ ದೊಡ್ಡ ಹುಲ್ಲುಗಾವಲು, ಅದರ ಅಂಚಿಗೊಂದು ಕುದುರೆ ಲಾಯ. ಅದರ ಒಡತಿ ಬೆಳ್ಳಿ ಕೂದಲಿನ ಒಬ್ಬ ಹೆಂಗಸು. ನಾವು ಅವರನ್ನು ಲಾಯದ ಆಂಟಿ ಅನ್ನುತ್ತಿದ್ದೆವು. ಅವರ ಬಳಿ ಉಳಿದಿದ್ದುದು ಒಂದೇ ಕುದುರೆ, ಕಂದು ಬಣ್ಣದ ಮುದಿ ಹೆಣ್ಣುಕುದುರೆ. ಹೆಸರು ಮೇಪಲ್. ಅಕ್ಕ ಸವಾರಿ ಕಲಿತದ್ದು ಅದರ ಬೆನ್ನ ಮೇಲೆಯೇ. ನನಗಂತೂ ಅದು ಪ್ರಾಣ. ಅದರ ಮೂಗಿನ ತುದಿಯನ್ನು ಮುಟ್ಟಿದರೆ ಹಸಿ ಕಡಲೆ ಸಿಪ್ಪೆಯ ಹಾಗೆ ಮೆತ್ತಗೆ, ಉಸಿರು ಒಣಹುಲ್ಲಿನ ಪರಿಮಳ.

ಆ ಜನವರಿಯಲ್ಲಿ ಲಾಯದ ಆಂಟಿ ಮಗಳನ್ನು ನೋಡಲು ನಾರ್ತ್ ಕೆರೊಲೈನಾಕ್ಕೆ ಹೋದರು. ಐದು ದಿನ ಮೇಪಲ್ ಜವಾಬ್ದಾರಿ ಅಕ್ಕನದು. ಹೋಗುವ ಮುನ್ನ ಒಂದು ಚೀಟಿ ಬರೆದು ಕೊಟ್ಟಿದ್ದರು. ಅಕ್ಕ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಳು. ಮೇಪಲ್ಲನ್ನು ಹೊರಗೇ ಬಿಡಿ. ಒಣಹುಲ್ಲು ಬೇಕಾದಷ್ಟು ಹಾಕಿ. ತೊಟ್ಟಿಯ ಮಂಜುಗಡ್ಡೆ ಒಡೆಯಿರಿ. ಹೊದಿಕೆ ಬೇಡ. ಬೇರೇನೂ ತಿನ್ನಿಸಬೇಡಿ. ಇಷ್ಟೇ ಇತ್ತು ಅದರಲ್ಲಿ. ಗಾಳಿ ಜೋರಾದರೆ ನಿಲ್ಲಲು ಹುಲ್ಲುಗಾವಲಿನಲ್ಲಿ ಮೂರು ಗೋಡೆಯ ಒಂದು ಶೆಡ್ಡೂ ಇತ್ತು. ಅಕ್ಕ ಚೀಟಿಯಲ್ಲಿದ್ದ ಹಾಗೆ ಮಾಡುತ್ತಿದ್ದಳು. ಅಜ್ಜಿ ಮಾತ್ರ ಕಿಟಕಿಯಿಂದ ನೋಡಿ ಲೊಚಗುಟ್ಟುತ್ತಿದ್ದಳು.

"ಅಷ್ಟು ದೊಡ್ಡ ಲಾಯ ಇಟ್ಕೊಂಡು ಮೂಕಪ್ರಾಣೀನ ಬಯಲಲ್ಲಿ ನಿಲ್ಸಿದಾರಲ್ಲ, ಎಂಥಾ ಜನಾನಮ್ಮ! ನಮ್ಮೂರಲ್ಲಿ ಜಟಕಾ ಸಾಬರು ಚಳೀಗೆ ಕುದುರೆಗೆ ಗೋಣಿ ಹೊದಿಸಿ, ಹುರುಳಿ ಬೇಯ್ಸಿ ಹಾಕೋರು. ಹುರುಳಿ ಉಷ್ಣ ನೋಡು, ಮೈ ಬಿಸಿ ಇಡತ್ತೆ."

ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು.

ಮೂರನೆಯ ರಾತ್ರಿ ಹಿಮ ಬಿತ್ತು. ಬೆಳಗ್ಗೆ ಸ್ಕೂಲಿಗೆ ರಜೆ ಎಂದು ಮೆಸೇಜ್ ಬಂತು. ಅಕ್ಕ ಹೊದ್ದು ಮಲಗಿದಳು. ನಾನು ಏಳು ಗಂಟೆಗೆ ಎದ್ದು ಕಿಟಕಿಯ ಪರದೆ ಸರಿಸಿದೆ. ಮೇಪಲ್ ಬೇಲಿಯ ಹತ್ತಿರ ನಿಂತಿತ್ತು. ಅದರ ಬೆನ್ನ ಮೇಲೆ, ಬಾಲದ ಬುಡದಿಂದ ಕತ್ತಿನವರೆಗೆ, ಬೆರಳುದ್ದ ಹಿಮ ಕೂತಿತ್ತು. ಒಂದಿಷ್ಟೂ ಕರಗಿರಲಿಲ್ಲ. ಪಾಪದ ಪ್ರಾಣಿ ಹೆಪ್ಪುಗಟ್ಟಿ ಹೋಗುತ್ತಿದೆ ಅಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ನಾನು ಮಾಡಿದ್ದನ್ನೆಲ್ಲ ಈಗ ಹೇಳಲೂ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಕೇಳಿ. ಅಡುಗೆಮನೆಯಲ್ಲಿ ಅಜ್ಜಿ ಹಿಂದಿನ ದಿನ ಸಾರಿಗೆಂದು ಹುರುಳಿ ಬೇಯಿಸಿ, ಕಟ್ಟು ಬಸಿದು, ಕಾಳನ್ನು ದೊಡ್ಡ ಸ್ಟೀಲ್ ಪಾತ್ರೆಯಲ್ಲಿಟ್ಟಿದ್ದಳು. ನಾನು ಅದನ್ನು ಗಾಜಿನ ಬಟ್ಟಲಿಗೆ ಹಾಕಿ ಮೈಕ್ರೋವೇವಿನಲ್ಲಿ ಎರಡು ಕಂತಿನಲ್ಲಿ ಬಿಸಿ ಮಾಡಿ, ಮತ್ತೆ ಪಾತ್ರೆಗೆ ಸುರಿದು, ಎರಡು ಉಂಡೆ ಬೆಲ್ಲ ಪುಡಿ ಮಾಡಿ ಬೆರೆಸಿದೆ. ಅಜ್ಜಿಯ ಹಳೇ ಸೀರೆ, ನನ್ನ ರಜಾಯಿ, ಪಾತ್ರೆ ಎಲ್ಲವನ್ನೂ ಹಿಮದಲ್ಲಿ ಜಾರುವ ಸ್ಲೆಡ್ಡಿನ ಮೇಲಿಟ್ಟು ಎಳೆದುಕೊಂಡು ಹೋದೆ.

ಮೇಪಲ್ ಸಾಧು. ಕೊರಳಪಟ್ಟಿ ಹಿಡಿದರೆ ಎಲ್ಲಿಗಾದರೂ ಬರುತ್ತಿತ್ತು. ಲಾಯದೊಳಗೆ ಕರೆತಂದು ಬೆನ್ನಿನ ಹಿಮ ಕೊಡವಿ, ರಜಾಯಿ ಹೊದಿಸಿ, ಅದು ಜಾರದಂತೆ ಹೊಟ್ಟೆಯ ಸುತ್ತ ಸೀರೆ ಬಿಗಿದೆ. ದೊಡ್ಡ ಬಾಗಿಲು ಎಳೆದು ಹಾಕಿದೆ. ಕಿಟಕಿಗಳನ್ನು ಮುಚ್ಚಿ, ಸಂದಿಗೆಲ್ಲ ಖಾಲಿ ಚೀಲ ತುರುಕಿದೆ. ಆಮೇಲೆ ಪಾತ್ರೆ ಮುಂದಿಟ್ಟೆ. ಬೆಲ್ಲದ ವಾಸನೆಗೆ ಮೇಪಲ್ ಒಂದು ಕಾಳನ್ನೂ ಬಿಡದೆ ನೆಕ್ಕಿ ಮುಗಿಸಿತು. ಮೂಲೆಯ ಬಕೆಟ್ಟಿನಲ್ಲಿದ್ದ ನೀರು ಕಲ್ಲಾಗಿತ್ತು. ನಾನು ಆ ಕಡೆ ನೋಡಲೇ ಇಲ್ಲ. ಮನೆಗೆ ಬಂದು, ದೊಡ್ಡ ಪುಣ್ಯದ ಕೆಲಸ ಮಾಡಿದವಳ ಹಾಗೆ ಬಿಸಿ ಹಾಲು ಕುಡಿದೆ.

ಹನ್ನೊಂದು ಗಂಟೆಗೆ ಅಕ್ಕ ಹುಲ್ಲು ಹಾಕಲು ಹೋದವಳು ಕೂಗಿಕೊಂಡು ಓಡಿ ಬಂದಳು. ಅವಳ ಒಂದು ಕಾಲಲ್ಲಿ ಬೂಟಿರಲಿಲ್ಲ.

"ಅಪ್ಪಾ, ವೆಟ್‌ಗೆ ಕಾಲ್ ಮಾಡಿ, ಈಗ್ಲೇ! ಮೇಪಲ್ ಬಿದ್ಬಿಟ್ಟಿದಾಳೆ, ಉರುಳಾಡ್ತಿದಾಳೆ!"

ನಾವೆಲ್ಲ ಓಡಿದೆವು. ಅಜ್ಜಿಯೂ ಸೀರೆ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡು ಬಂದಳು. ಲಾಯದ ಬಾಗಿಲು ತೆರೆದಾಗ ಒಳಗಿಂದ ಬೆಚ್ಚನೆಯ, ಕಣ್ಣುರಿಸುವ ಮೂತ್ರದ ವಾಸನೆ ಹೊಡೆಯಿತು. ಮೇಪಲ್ ನೆಲದ ಮೇಲಿತ್ತು. ಅಷ್ಟು ಚಳಿಯಲ್ಲೂ ಮೈ ಬೆವರಿ ತೊಪ್ಪೆಯಾಗಿತ್ತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು, ಕಾಲು ಝಾಡಿಸುತ್ತಿತ್ತು, ನರಳುತ್ತಿತ್ತು. ಕುದುರೆ ನರಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆಯೂ ಕೇಳಿಲ್ಲ, ಕೇಳುವುದೂ ಬೇಡ.

ರಜಾಯಿ ನೋಡಿದ ಕೂಡಲೇ ಅಕ್ಕ ನನ್ನ ಭುಜ ಹಿಡಿದು ಅಲುಗಾಡಿಸಿದಳು. "ನೀನು ತಾನೇ ಒಳಗೆ ತಂದಿದ್ದು?"

"ಹೂಂ. ಚಳಿ ಆಗ್ತಿತ್ತು ಅದಕ್ಕೆ."

"ಏನಾದ್ರೂ ತಿನ್ಸಿದ್ಯಾ? ನಿಜ ಹೇಳು."

"ಇಲ್ಲ" ಅಂದೆ.

ಯಾಕೆ ಹಾಗಂದೆನೋ! ಬಾಯಿಂದ ಅದು ತಾನಾಗಿಯೇ ಬಂತು. ಬಂದ ಮೇಲೆ ನನ್ನ ಕಣ್ಣು ಮೂಲೆಯ ಪಾತ್ರೆಯ ಮೇಲೆ ಬಿತ್ತು. ಎಲ್ಲರೂ ಮೇಪಲ್ ಕಡೆ ತಿರುಗಿದ್ದಾಗ ನಾನು ಕಾಲಿನಿಂದಲೇ ಅದನ್ನು ಒಣಹುಲ್ಲಿನ ಕೆಳಗೆ ತಳ್ಳಿದೆ.

ರಸ್ತೆಯಲ್ಲೆಲ್ಲ ಮಂಜುಗಡ್ಡೆ. ಪ್ರಾಣಿಗಳ ಡಾಕ್ಟರ್ ಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಮತ್ತು ಅಕ್ಕ ಮೇಪಲ್ಲನ್ನು ಎಬ್ಬಿಸಿ ಮೆಲ್ಲಗೆ ನಡೆಸುತ್ತಿದ್ದರು. ಕಾರಿನಲ್ಲಿ ಕುದುರೆಯ ಕೂದಲು ಕಂಡರೆ ಸಾಕು, ಮುಖ ಸಿಂಡರಿಸುತ್ತಿದ್ದ ನಮ್ಮ ಅಪ್ಪ ಅಂದು ತಮ್ಮ ಮೀಟಿಂಗನ್ನೆಲ್ಲ ಮರೆತು ಅದರ ಕತ್ತಿಗೆ ಹೆಗಲು ಕೊಟ್ಟಿದ್ದರು. ಅದು ಮತ್ತೆ ಮತ್ತೆ ಮೊಣಕಾಲು ಮಡಚುತ್ತಿತ್ತು. "ನಡಿ ತಾಯಿ, ನಡಿ" ಎಂದು ಅಪ್ಪ ಕನ್ನಡದಲ್ಲೇ ಬೇಡಿಕೊಳ್ಳುತ್ತಿದ್ದರು.

ಡಾಕ್ಟರ್ ಎತ್ತರದ ಹೆಂಗಸು, ಮಾತು ಕಡಿಮೆ. ಸ್ಟೆತಾಸ್ಕೋಪನ್ನು ಹೊಟ್ಟೆಯ ಎರಡೂ ಪಕ್ಕಕ್ಕೆ ಇಟ್ಟು ಬಹಳ ಹೊತ್ತು ಕೇಳಿದರು. ಕುದುರೆಯ ಹೊಟ್ಟೆಯಲ್ಲಿ ಯಾವಾಗಲೂ ಗುಡುಗುಡು ಸದ್ದಿರಬೇಕಂತೆ. ಒಂದು ಪಕ್ಕ ಏನೂ ಕೇಳುತ್ತಿಲ್ಲ ಅಂದರು. ಹುಲ್ಲು ಬಿಟ್ಟು ಬೇರೇನಾದರೂ ತಿಂದಿದೆಯಾ ಎಂದು ಕೇಳಿದರು. ಇಲ್ಲ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದಳು. ನಾನು ಹೇಳಿದ ಸುಳ್ಳನ್ನು ಅವಳು ನಂಬಿದ್ದಳು. ಹಾಗಾದರೆ ಕರುಳು ತಿರುಚಿಕೊಂಡಿರಬಹುದು ಎಂದು ಡಾಕ್ಟರ್ ನಿಟ್ಟುಸಿರು ಬಿಟ್ಟರು. ಲಾಯದ ಆಂಟಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

ಕರುಳು ತಿರುಚಿದ್ದರೆ ಆಪರೇಷನ್ ಆಗಬೇಕು. ಮೇಪಲ್‌ಗೆ ಇಪ್ಪತ್ತಾರು ವರ್ಷ. ಆ ವಯಸ್ಸಿನಲ್ಲಿ, ಅಂಥ ರಸ್ತೆಯಲ್ಲಿ, ಆಸ್ಪತ್ರೆಯವರೆಗೆ ಟ್ರೇಲರಿನಲ್ಲಿ ನಿಂತು ಹೋಗುವುದೇ ಕಷ್ಟ. ಡಾಕ್ಟರ್ ಅದನ್ನೆಲ್ಲ ಫೋನಿನಲ್ಲಿ ಹೇಳಿದರು. ಆಮೇಲೆ ಲಾಯದ ಆಂಟಿ, ಅವಳು ನರಳುವುದು ನನಗೆ ಬೇಡ, ನೀವು ಯಾವುದು ಸರಿ ಅನ್ನುತ್ತೀರೋ ಅದನ್ನು ಮಾಡಿ ಅಂದರು. ಅವರ ಧ್ವನಿ ಒಡೆದಿತ್ತು. ಅಜ್ಜಿಗೆ ಇಂಗ್ಲಿಷ್ ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು. "ಅಯ್ಯೋ ಶಿವನೇ, ಚುಚ್ಚಿ ಮಲಗಿಸ್ಬಿಡ್ತಾರೇನೋ" ಎಂದು ಸೆರಗು ಬಾಯಿಗೆ ಹಿಡಿದಳು. ಅಕ್ಕ ಮೇಪಲ್ ಕತ್ತಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ಡಾಕ್ಟರ್ ತಮ್ಮ ಪೆಟ್ಟಿಗೆಯ ಕಡೆ ತಿರುಗಿದರು.

ಹೇಳಿದರೆ ಅಕ್ಕ ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲ ಅನ್ನಿಸಿತು. ಹೇಳದಿದ್ದರೆ ಮೇಪಲ್ ಇರುವುದಿಲ್ಲ. ಹುಲ್ಲಿನೊಳಗೆ ಕೈಹಾಕಿ ಪಾತ್ರೆಯನ್ನು ಎಳೆದು ತೆಗೆದೆ. ಅದರ ಅಂಚಿನಲ್ಲಿ ಅಜ್ಜಿಯ ಹೆಸರು ಕೆತ್ತಿತ್ತು, ತಳದಲ್ಲಿ ನಾಲ್ಕು ಕಾಳು ಅಂಟಿದ್ದವು.

"ಸುಳ್ಳು ಹೇಳ್ದೆ. ಇದರ ತುಂಬಾ ಹುರುಳಿ ತಿನ್ನಿಸ್ದೆ" ಅಂದೆ. ಆಮೇಲೆ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ, ಬೆಲ್ಲವನ್ನೂ ಸೇರಿಸಿ.

ಅವರು ಬೈಯಲಿಲ್ಲ. ಅದರಿಂದಲೇ ನನಗೆ ಇನ್ನಷ್ಟು ಭಯವಾಯಿತು. ಮಂಡಿಯೂರಿ ನನ್ನ ಎತ್ತರಕ್ಕೆ ಬಗ್ಗಿ ಮೂರೇ ಪ್ರಶ್ನೆ ಕೇಳಿದರು. ಬೆಂದಿತ್ತಾ? ಎಷ್ಟು ಹೊತ್ತಿಗೆ? ನೀರು ಕುಡಿಯಿತಾ? ನಾನು ಬಕೆಟ್ ತೋರಿಸಿದೆ. ಅದರ ತುಂಬ ಮಂಜುಗಡ್ಡೆ. ಡಾಕ್ಟರ್ ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿ, ಇದು ಗ್ಯಾಸ್ ಇರಬಹುದು, ಕರುಳು ತಿರುಚಿರಲಿಕ್ಕಿಲ್ಲ, ಇನ್ನೊಂದು ಗಂಟೆ ಪ್ರಯತ್ನ ಮಾಡೋಣ ಅಂದರು. ಮೊದಲು ಬಾಗಿಲು ಕಿಟಕಿ ಎಲ್ಲ ತೆಗೆಸಿದರು. ಸಂದಿಯ ಚೀಲಗಳನ್ನು ಕಿತ್ತೆಸೆದವಳು ನಮ್ಮ ಅಜ್ಜಿ. ಗಾಳಿ ಸುಂಯ್ ಎಂದು ನುಗ್ಗಿತು. ಡಾಕ್ಟರ್ ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಗಿನೊಳಗಿಂದ ಹೊಟ್ಟೆಗೆ ಉದ್ದನೆಯ ನಳಿಗೆ ಇಳಿಸಿ ಬೆಚ್ಚನೆಯ ನೀರು ಬಿಟ್ಟರು. ನೀರು ಹೊತ್ತು ತಂದವಳು ನಾನು. ಕೈ ಸೆಟೆದುಹೋದರೂ ಬಕೆಟ್ ಬಿಡಲಿಲ್ಲ.

ಆಮೇಲೆ ನಡೆಸುವುದು, ಕಾಯುವುದು. ಕುದುರೆ ಲದ್ದಿ ಹಾಕಿದರೆ ಬದುಕಿತು ಎಂದು ಡಾಕ್ಟರ್ ಹೇಳಿದ್ದರು. ನಾವು ನಾಲ್ಕು ಜನ, ಒಂದು ಬಾಲದ ಕೆಳಗೇ ಕಣ್ಣು ನೆಟ್ಟುಕೊಂಡು ನಡೆದೆವು. ನಗಬೇಡಿ! ಆಗ ನಮ್ಮಲ್ಲಿ ಯಾರಿಗೂ ನಗು ಬಂದಿರಲಿಲ್ಲ. ಒಂದು ಗಂಟೆ ಕಳೆಯಿತು, ಏನೂ ಇಲ್ಲ. ಡಾಕ್ಟರ್ ಗಡಿಯಾರ ನೋಡಿದರು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಅಕ್ಕ ಗೋಗರೆದಳು. ಬೇಲಿಯ ತಿರುವಿಗೆ ಬಂದಾಗ ಮೇಪಲ್ ಥಟ್ಟನೆ ನಿಂತಿತು. ಬಾಲ ಎತ್ತಿತು. ಮೊದಲು ದೊಡ್ಡದಾಗಿ ಗಾಳಿ ಹೋಯಿತು. ಆಮೇಲೆ ಬಿಳಿ ಹಿಮದ ಮೇಲೆ ಪುತಪುತನೆ ಲದ್ದಿ ಬಿತ್ತು, ಹೊಗೆಯಾಡುವ ಬಿಸಿ ಲದ್ದಿ.

"ಹಾಕ್ತು! ಹಾಕ್ತು!" ಎಂದು ಅಜ್ಜಿ ಚಪ್ಪಾಳೆ ತಟ್ಟಿದಳು. ಅಪ್ಪ ಅದರ ಫೋಟೋ ತೆಗೆದು ಲಾಯದ ಆಂಟಿಗೆ ಕಳಿಸಿದರು. ನಾನು ಹಿಮದಲ್ಲೇ ಕುಸಿದು ಕೂತು ಜೋರಾಗಿ ಅತ್ತೆ.

ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮತ್ತೆ ಹಿಮ ಬಿತ್ತು. ಅವಳು ತಾನಾಗಿಯೇ ನನ್ನನ್ನು ಕೈಹಿಡಿದು ಹುಲ್ಲುಗಾವಲಿಗೆ ಕರೆದೊಯ್ದಳು. ಮೇಪಲ್ ಬಯಲಲ್ಲಿ ನಿಂತು ಒಣಹುಲ್ಲು ಜಗಿಯುತ್ತಿತ್ತು. ಬೆನ್ನ ಮೇಲೆ ಅದೇ ಹಿಮ. "ಗ್ಲವ್ಸ್ ತೆಗಿ, ಕೈ ಒಳಗೆ ಹಾಕು" ಅಂದಳು. ಹಿಮದ ಕೆಳಗೆ, ಉಬ್ಬಿ ನಿಂತ ದಪ್ಪ ರೋಮದೊಳಗೆ ಬೆರಳು ತೂರಿಸಿದೆ. ಒಳಗೆ ಚರ್ಮ ಬೆಚ್ಚಗಿತ್ತು, ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು. ಮೈಯ ಬಿಸಿ ಹೊರಗೆ ಹೋಗುತ್ತಿಲ್ಲ, ಅದಕ್ಕೇ ಹಿಮ ಕರಗುತ್ತಿಲ್ಲ ಎಂದು ಅಕ್ಕ ವಿವರಿಸಿದಳು. ದಿನವಿಡೀ ಹುಲ್ಲು ಜಗಿಯುತ್ತಿದ್ದರೆ ಹೊಟ್ಟೆಯೇ ಅದಕ್ಕೆ ಒಲೆಯಂತೆ.

ಈಗ ಆ ಹುಲ್ಲುಗಾವಲಿಲ್ಲ. ನಾವು ಕೂತಿರುವ ಈ ಮನೆಗಳ ಸಾಲು ಅಲ್ಲಿಯೇ ಎದ್ದಿದೆ. ನಿಮ್ಮ ಕಾಲಕ್ಕೆ ಎಲ್ಲವೂ ಸುಲಭ. ನಿಮ್ಮ ನಾಯಿಯ ಕೊರಳಪಟ್ಟಿಯೇ ಅದರ ಜ್ವರ, ಉಸಿರು, ನಿದ್ದೆ ಎಲ್ಲವನ್ನೂ ಡಾಕ್ಟರಿಗೆ ಕಳಿಸುತ್ತದೆ. ನಮಗೆ ಅಂಥದ್ದೊಂದಿದ್ದರೆ ಅಂದು ಅಷ್ಟು ಒದ್ದಾಡುತ್ತಿರಲಿಲ್ಲವೇನೋ. ಇಂದು ಬೆಳಗ್ಗೆ ನಾಯಿಗೆ ಹೊಟ್ಟೆ ಸರಿಯಿಲ್ಲವೆಂದು ಅದೇ ಪಟ್ಟಿ ನಮಗೆ ತಿಳಿಸಿತು. ಡಾಕ್ಟರ್ ಇನ್ನು ಹತ್ತು ನಿಮಿಷದಲ್ಲಿ ಬರುತ್ತಾರೆ.

ಆದರೆ ಅದು ಏನು ತಿಂದಿತು, ಯಾರು ಕೊಟ್ಟರು ಅನ್ನುವುದನ್ನು ಆ ಪಟ್ಟಿ ಹೇಳುವುದಿಲ್ಲ. ನನ್ನ ಕೊಬ್ಬರಿ ಮಿಠಾಯಿಯ ಡಬ್ಬಿ ನಿನ್ನೆ ತುಂಬಿತ್ತು, ಇಂದು ಅರ್ಧವಾಗಿದೆ. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಬೈಯುವುದಿಲ್ಲ. ಬಂದು ಹೇಳಿ.