ಹೋಮ್‌ವರ್ಕಿಗಾಗಿ ಚುನಾವಣೆಗೆ ನಿಂತಿದ್ದು

ನೆದರ್‌ಲ್ಯಾಂಡ್ಸಿನ ಹೂಫ್‌ಡಾರ್ಪ್‌ಗೆ ಬಂದ ಮೇಲೆ ನನ್ನ ಮಗಳು ದಿನಾ ಶಾಲೆಯಿಂದ ಖಾಲಿ ಬ್ಯಾಗ್ ತರುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಗೆ ಹೋಮ್‌ವರ್ಕೇ ಇಲ್ಲ! ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೋಗಿ ಹೆಡ್‌ಮಿಸ್ಸನ್ನು ಕೇಳಿದೆ.

"ಅದು ನಾನೊಬ್ಬಳೇ ತೀರ್ಮಾನ ಮಾಡೋದಲ್ಲ. ಪೋಷಕರು, ಟೀಚರ್‌ಗಳು ಸೇರಿರುವ ಶಾಲಾ ಮಂಡಳಿಯಲ್ಲಿ ಕೇಳಿ. ಅಲ್ಲಿ ಒಂದು ಸೀಟೂ ಖಾಲಿ ಇದೆ" ಅಂದರು.

ಚುನಾವಣೆಗೆ ನಿಂತವಳು ನಾನೊಬ್ಬಳೇ. ಗೆದ್ದೆ.

ಮೊದಲ ಸಭೆಯಲ್ಲಿ ಸೈಕಲ್ ಸ್ಟ್ಯಾಂಡಿನ ಬಗ್ಗೆಯೇ ಒಂದು ಗಂಟೆ ಮಾತು. ನಾನು ಕಾಫಿ ಕಪ್ಪನ್ನು ತಿರುಗಿಸುತ್ತಾ ಚಡಪಡಿಸುತ್ತಿದ್ದೆ. ಸರದಿ ಬಂದಾಗ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದೆ.

"ಸರಿ, ಮಕ್ಕಳನ್ನು ಕೇಳೋಣ" ಅಂದರು ಅಧ್ಯಕ್ಷರು.

"ಮಕ್ಕಳನ್ನಾ?"

"ಮಾಡಬೇಕಾದವರು ಅವರೇ ಅಲ್ಲವಾ?"

ಆಮೇಲೆ ಮೂರು ಸಂಜೆ ನನ್ನ ಮಗಳು ರೂಮಿನ ಬಾಗಿಲು ಹಾಕಿಕೊಂಡು ಏನೋ ಬರೆದಳು. ಅಂತೂ ಬುದ್ಧಿ ಬಂತು ಅಂದುಕೊಂಡು ಸದ್ದಿಲ್ಲದೆ ದೋಸೆ ಹೊಯ್ದುಕೊಟ್ಟೆ.

ಮುಂದಿನ ಸಭೆಗೆ ಮಕ್ಕಳ ಪ್ರತಿನಿಧಿಯಾಗಿ ಅವಳೇ ಬಂದಳು. ಹೋಮ್‌ವರ್ಕ್ ಯಾಕೆ ಬೇಡ ಅನ್ನುವುದಕ್ಕೆ ಏಳು ಕಾರಣಗಳನ್ನು ಡಚ್‌ನಲ್ಲಿ ತಡವರಿಸದೆ ಓದಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ನಾನೂ ತಟ್ಟಿದೆ.

ಎರಡು ವರ್ಷ ಆ ಮಂಡಳಿಯಲ್ಲಿದ್ದೆ. ಅಷ್ಟರಲ್ಲಿ ನಾನು ಮಾಡಿಸಿದ ಹೋಮ್‌ವರ್ಕ್ ಅಂದರೆ ಆ ಮೂರು ಸಂಜೆಯದ್ದೊಂದೇ.